ಡಿಸೆಂಬರ್ ಕೊನೇ ವಾರ ಮಣಿಪಾಲ: ರೂಮ್ ಬುಕ್ ಮಾಡೋ ಮುಂಚೆ ಒಂದ್ಸಲ ಓದಿ

ಕಾಲೇಜು ಊರು, ಹುಡುಗರೆಲ್ಲ ರಜೆಗೆ ಮನೆಗೆ ಹೋಗಿರ್ತಾರೆ, ರೂಮ್ ಕಮ್ಮಿಗೆ ಸಿಗುತ್ತೆ, ಮಣಿಪಾಲದಲ್ಲಿ ಉಳ್ಕೊಂಡು ಉಡುಪಿ, ಮಲ್ಪೆ ಎಲ್ಲ ಆರಾಮಾಗಿ ನೋಡ್ಕೊಂಡು ಬನ್ನಿ ಅಂತ ಯಾರಾದ್ರೂ ಹೇಳಿದ್ರೆ ಅರ್ಧ ಮಾತ್ರ ನಂಬಿ. ಹುಡುಗರು ಹೋಗಿರೋದು ನಿಜ. ರೂಮ್ ಕಮ್ಮಿಗೆ ಸಿಗೋದು ಶುದ್ಧ ಸುಳ್ಳು. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಉಡುಪಿ ಕೃಷ್ಣಮಠದ ರಥಬೀದಿ ಹತ್ರ, ಮಲ್ಪೆ ಬೀಚ್ ಹತ್ರ ರೂಮ್ ಸಿಗದೇ ಇರೋರೆಲ್ಲ ಐದು ಕಿಲೋಮೀಟರ್ ಮೇಲೆ ಹತ್ತಿ ಮಣಿಪಾಲಕ್ಕೇ ಬರ್ತಾರೆ, ಅದು ಅಲ್ಲಿ ರೂಮ್ ಕೊಡೋರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಾವು ಮೈಸೂರಿಂದ ಹೋಗಿದ್ದು. ಹೆಂಡ್ತಿ, ಸೆಕೆಂಡ್ ಪಿಯುಸಿ ಓದೋ ಮಗಳು, ಆರನೇ ಕ್ಲಾಸ್ ಮಗ, ಜೊತೆಗೆ ಮಂಡಿನೋವಿರೋ ನಮ್ಮಮ್ಮ. ಮಗಳಿಗೆ ಕಾಲೇಜು ನೋಡೋ ಆಸೆ, ಅಮ್ಮಂಗೆ ಕೃಷ್ಣನ್ನ ನೋಡ್ಬೇಕು, ಮಗನಿಗೆ ಸಮುದ್ರ ಇದ್ರೆ ಸಾಕು. ಇನ್ನು ನಂದು ಹೇಳ್ಬಿಡ್ತೀನಿ, ನಂಗೆ ರಶ್ ಅಂದ್ರೆ ಆಗಲ್ಲ, ದಸರಾ ಟೈಮಲ್ಲಿ ಮನೆ ಬಾಗಿಲು ಹಾಕ್ಕೊಂಡು ಟಿವೀಲಿ ಜಂಬೂಸವಾರಿ ನೋಡೋ ಜಾತಿ ನಮ್ದು. ಹಾಗಾಗಿ ಕೆಳಗೆ ನಾನು ಬೈದಿರೋ ಜಾಗಗಳು ನಿಮಗೆ ಇಷ್ಟ ಆದ್ರೂ ಆಗಬಹುದು.

ಮೊದಲು ಹೋಗೋ ವಿಷಯ. ಬೆಂಗಳೂರು ಮುರುಡೇಶ್ವರ ಎಕ್ಸ್‌ಪ್ರೆಸ್ ಮೈಸೂರು ಮೇಲೇ ಹೋಗುತ್ತೆ, ಬೆಂಗಳೂರಿನವರಿಗೆ ಅದ್ರ ಜೊತೆ ಕಾರವಾರದ ಪಂಚಗಂಗಾನೂ ಇದೆ. ಉಡುಪಿ ಸ್ಟೇಷನ್ ಇರೋದು ಇಂದ್ರಾಳಿಲಿ, ಅಂದ್ರೆ ಉಡುಪಿ ಮತ್ತೆ ಮಣಿಪಾಲದ ಮಧ್ಯೆ, ಇಳಿದ್ರೆ ಮಣಿಪಾಲಕ್ಕೆ ಆಟೋಲಿ ಹತ್ತು ನಿಮಿಷ ಅಷ್ಟೇ. ಈಗ ರಿಸರ್ವೇಷನ್ 60 ದಿನ ಮುಂಚೆ ಓಪನ್ ಆಗುತ್ತೆ, ಅಕ್ಟೋಬರ್ ಕೊನೇಲಿ ಬೆಳಿಗ್ಗೆ ಎಂಟಕ್ಕೆ ಕೂತ್ಕೊಂಡು ಮಾಡಿದ್ರೆ ಸಿಗುತ್ತೆ, ಇಲ್ಲಾಂದ್ರೆ ವೇಟಿಂಗ್ ಲಿಸ್ಟ್ ನಂಬ್ಕೊಂಡು ಕೂರ್ಬೇಡಿ. ನಮ್ದು ಚಾರ್ಟ್ ಆಗೋವರೆಗೂ ಕ್ಲಿಯರ್ ಆಗ್ಲಿಲ್ಲ, ಕೊನೆಗೆ ಒಂದು ಪ್ರೈವೇಟ್ ಸ್ಲೀಪರ್ ಬಸ್ಸು, ಹಬ್ಬದ ರೇಟು, ಒಬ್ಬೊಬ್ಬರಿಗೆ ಎರಡು ಸಾವಿರದ ಮೇಲೆ.

ಈ ಬಸ್ಸಿನ ಕಥೆ ಸ್ವಲ್ಪ ಹೇಳ್ಲೇಬೇಕು. ಟಿಕೆಟಲ್ಲಿ ಡ್ರಾಪ್ ಪಾಯಿಂಟ್ ಮಣಿಪಾಲ ಟೈಗರ್ ಸರ್ಕಲ್ ಅಂತ ಇತ್ತು, ಹತ್ತುವಾಗ್ಲೂ ಕೇಳಿದ್ದೆ, ಹೌದು ಸಾರ್ ಮಣಿಪಾಲ ಹೋಗೇ ಹೋಗುತ್ತೆ ಅಂದ ಬಸ್ಸಿನವನು. ಅಮ್ಮಂಗೆ ಲೋಯರ್ ಬರ್ತ್ ಅಂತ ದುಡ್ಡು ಜಾಸ್ತಿ ಕೊಟ್ಟಿದ್ವಿ, ಹತ್ತಿದ್ಮೇಲೆ ಅಪ್ಪರ್‌ಗೆ ಹಾಕಿದ್ರು, ಬೇರೆ ಯಾರೋ ಪುಣ್ಯಾತ್ಮ ಹುಡುಗ ತನ್ನ ಕೆಳಗಿನ ಬರ್ತ್ ಬಿಟ್ಕೊಟ್ಟ. ಶಿರಾಡಿ ಘಾಟಿ ತಿರುವಲ್ಲಿ ಎಸಿ ನಿಂತು, ಕಿಟಕಿ ತೆಗೆಯೋಕೆ ಬರಲ್ಲ, ಮಗ ಎರಡು ಸಲ ವಾಂತಿ. ಬೆಳಿಗ್ಗೆ ಇನ್ನೂ ಕತ್ತಲಿರುವಾಗ ಲೈಟ್ ಹಾಕಿ "ಉಡುಪಿ ಮಣಿಪಾಲದವರೆಲ್ಲ ಇಳೀರಿ" ಅಂತ ಕೂಗಿದ್ರು, ಇಳಿದು ನೋಡಿದ್ರೆ ಅಂಬಲಪಾಡಿ, ಹೈವೇ ಪಕ್ಕ, ನಮ್ಮ ಲಗೇಜು ಮಣ್ಣಲ್ಲಿ. ಮುಂದೆ ಕುಂದಾಪುರಕ್ಕೆ ಲೇಟ್ ಆಗುತ್ತಂತೆ, ಮಣಿಪಾಲದ ಒಳಗೆ ಹೋಗಲ್ವಂತೆ. ಅಲ್ಲಿ ಇದ್ದದ್ದೇ ಎರಡು ಆಟೋ, ಲಗೇಜು ಹೆಚ್ಚಿದೆ ಅಂತ ಎರಡೂ ಬೇಕಾಯ್ತು, ಆರೇಳು ಕಿಲೋಮೀಟರ್‌ಗೆ ಒಂದೊಂದಕ್ಕೆ ನಾನೂರು. ಬಸ್ಸಲ್ಲಿ ಹೋಗೋದಾದ್ರೆ ಲಾಸ್ಟ್ ಸ್ಟಾಪೇ ಮಣಿಪಾಲ ಇರೋ ಗಾಡಿ ಹುಡುಕಿ, ಮುಂದೆ ಕುಂದಾಪುರ, ಬೈಂದೂರು ಹೋಗೋ ಗಾಡಿ ಬೇಡ. ಅಷ್ಟು ಮಾಡಿದ್ರೆ ಸಾಕು.

ಇನ್ನು ರೂಮು. ನಾವು ಬುಕ್ ಮಾಡಿದ್ದು ಒಂದು "ಸರ್ವಿಸ್ ಅಪಾರ್ಟ್‌ಮೆಂಟ್", ಟೂ ಬೆಡ್‌ರೂಮ್, ಅಡುಗೆಮನೆ ಇದೆ, ಬಾಲ್ಕನಿಯಿಂದ ಕಣಿವೆ ಕಾಣುತ್ತೆ ಅಂತ ಫೋಟೋ. ದಿನಕ್ಕೆ ಆರೂವರೆ ಸಾವಿರ. ಹೋಗಿ ನೋಡಿದ್ರೆ ಅದು ಸ್ಟೂಡೆಂಟ್ಸ್ ಬಾಡಿಗೆಗಿರೋ ಫ್ಲಾಟು, ಹುಡುಗರು ಎಕ್ಸಾಮ್ ಮುಗಿಸಿ ಹೋದ್ಮೇಲೆ ರಜೆ ಮುಗಿಯೋವರೆಗೆ ದಿನದ ಲೆಕ್ಕದಲ್ಲಿ ಕೊಡ್ತಾರೆ. ವಾರ್ಡ್‌ರೋಬ್ ಬಾಗಿಲ ಒಳಗಡೆ ಕೈಯಲ್ಲಿ ಬರೆದ ನರಗಳ ಪಟ್ಟಿ ಸೆಲ್ಲೋಟೇಪ್ ಹಾಕಿ ಅಂಟಿಸಿದ್ರು, ಕೆಂಪು ಪೆನ್ನಲ್ಲಿ ಎರಡು ಹೆಸರಿಗೆ ಅಂಡರ್‌ಲೈನ್, ಕೆಳಗೆ ಮೆಸ್ಸಿನವನಿಗೆ ಕೊಡ್ಬೇಕಾದ ದುಡ್ಡಿನ ಲೆಕ್ಕ. ಮಗಳಿಗೆ ಅದು ಬಹಳ ಖುಷಿ ಕೊಡ್ತು, ನಂಗೆ ಕೊಡ್ಲಿಲ್ಲ. ಅಡುಗೆಮನೆಲಿ ಗ್ಯಾಸ್ ಸಿಲಿಂಡರ್ ಇಲ್ಲ, ಬೇಕು ಅಂದ್ರೆ ಎಕ್ಸ್‌ಟ್ರಾ. ಹಾಸಿಗೆ ನಾಲ್ಕು ಜನಕ್ಕೆ, ಐದನೇದು ಎಕ್ಸ್‌ಟ್ರಾ. ಮಗನಿಗೆ ಹನ್ನೊಂದು ವರ್ಷ ಅಂದಿದ್ದಕ್ಕೆ ಹತ್ತರ ಮೇಲೆ ಫುಲ್ ಚಾರ್ಜ್ ಅಂದ ಕೇರ್‌ಟೇಕರು, ಆ ರೂಲು ಬುಕ್ ಮಾಡುವಾಗ ಎಲ್ಲೂ ಇರ್ಲಿಲ್ಲ. ಹೋಗೋ ದಿನ "ಕ್ಲೀನಿಂಗ್" ಅಂತ ಇನ್ನೊಂದು ಸಾವಿರ ಡೆಪಾಸಿಟ್‌ನಲ್ಲಿ ಹಿಡ್ಕೊಂಡ. ಕಣಿವೆ ಕಾಣುತ್ತಿತ್ತು, ಅದು ಸುಳ್ಳಲ್ಲ, ಬಟ್ಟೆ ಒಣಗಾಕೋ ತಂತಿ ಮೇಲಿಂದ.

ಹಾಗಂತ ಮಣಿಪಾಲದಲ್ಲಿ ಇರಲೇಬೇಡಿ ಅನ್ನಲ್ಲ. ರಾತ್ರಿ ಉಡುಪಿಗಿಂತ ನಿಶ್ಶಬ್ದ, ಸೆಕೆ ಒಂಚೂರು ಕಮ್ಮಿ, ಯಾರಿಗಾದ್ರೂ ಹುಷಾರು ತಪ್ಪಿದ್ರೆ ಕಸ್ತೂರ್ಬಾ ಆಸ್ಪತ್ರೆ ಅಲ್ಲೇ ಇದೆ, ವಯಸ್ಸಾದವರು ಜೊತೆಗಿದ್ರೆ ಅದೊಂದು ಧೈರ್ಯ. ಆದ್ರೆ ಅಪಾರ್ಟ್‌ಮೆಂಟ್ ಬೇಡ, ರಿಸೆಪ್ಷನ್ ಇರೋ ಸಾದಾ ಲಾಡ್ಜ್ ತಗೊಳಿ, ಫೋನ್ ಮಾಡಿ ಮಕ್ಕಳ ವಯಸ್ಸು ಹೇಳಿ ಒಟ್ಟು ಎಷ್ಟು ಅಂತ ವಾಟ್ಸಾಪಲ್ಲಿ ಬರೆಸ್ಕೊಳಿ. ನವೆಂಬರಲ್ಲಿ ಕಾನ್ವೊಕೇಷನ್ ಟೈಮಲ್ಲಿ, ಜುಲೈ ಆಗಸ್ಟಲ್ಲಿ ಅಡ್ಮಿಷನ್‌ಗೆ ಅಪ್ಪ ಅಮ್ಮಂದಿರು ಬರೋ ಟೈಮಲ್ಲಿ ಇನ್ನೂ ಕಷ್ಟ ಅಂತ ಪಕ್ಕದ ಅಂಗಡಿಯವರು ಹೇಳಿದ್ರು.

ಯಾರೂ ಹೇಳ್ದೇ ಇರೋ ಇನ್ನೊಂದು ವಿಷಯ, ಹುಡುಗರಿಲ್ಲ ಅಂದ್ರೆ ಊಟನೂ ಇಲ್ಲ. ಮಣಿಪಾಲದ ಸಣ್ಣ ಮೆಸ್ಸು, ರೋಲ್ ಅಂಗಡಿ, ಜ್ಯೂಸ್ ಸೆಂಟರ್ ಇವೆಲ್ಲ ನಡೆಯೋದೇ ಸ್ಟೂಡೆಂಟ್ಸ್ ದುಡ್ಡಲ್ಲಿ, ರಜೆ ಬಂತು ಅಂದ್ರೆ ಅಡುಗೆಯವರನ್ನೂ ಊರಿಗೆ ಕಳಿಸಿ ಶಟರ್ ಎಳೀತಾರೆ. ಮಗಳು ಲಿಸ್ಟ್ ಮಾಡ್ಕೊಂಡು ಬಂದಿದ್ದ ಅಂಗಡಿಗಳಲ್ಲಿ ಮುಕ್ಕಾಲು ಭಾಗ ಬಂದ್. ತೆಗೆದಿರೋ ದೊಡ್ಡ ರೆಸ್ಟೋರೆಂಟಲ್ಲಿ ಹೊರಗೆ ಕುರ್ಚಿ ಹಾಕ್ಕೊಂಡು ಟೋಕನ್ ಹಿಡ್ಕೊಂಡು ಮುಕ್ಕಾಲು ಗಂಟೆ.

ಅಲ್ಲಿಂದ ಬೇಜಾರಾಗಿ ನಡ್ಕೊಂಡು ಹೋಗ್ತಾ ಈಶ್ವರನಗರ ದಾಟಿ ಪರ್ಕಳ ಕಡೆ ಹೋಗೋ ರೋಡಲ್ಲಿ ಒಂದು ಹೋಟ್ಲು ಸಿಕ್ತು. ಬೋರ್ಡಿನ ಬಣ್ಣ ಹೋಗಿ ಹೆಸರು ಓದೋಕಾಗಲ್ಲ, ಆರು ಟೇಬಲ್, ಗಂಡ ದೋಸೆಕಲ್ಲ ಮುಂದೆ, ಹೆಂಡ್ತಿ ಗಲ್ಲಾಪೆಟ್ಟಿಗೆ ಹತ್ರ. ಆಮೇಲೆ ನಾವು ಬೇರೆ ಕಡೆ ತಿಂಡಿ ತಿನ್ನೋಕೆ ಹೋಗ್ಲೇ ಇಲ್ಲ. ಬೆಳಿಗ್ಗೆ ಬನ್ಸು. ಮೈಸೂರಲ್ಲಿ ಬನ್ಸ್ ಅಂತ ಕೊಡೋದೇ ಬೇರೆ, ಇದು ಸರಿಯಾಗಿ ಕಳಿತ ಬಾಳೆಹಣ್ಣಿಂದು, ಹಿಂದಿನ ರಾತ್ರಿನೇ ಮೊಸರು ಹಾಕಿ ನಾದಿ ಇಟ್ಟಿರ್ತಾರೆ, ಎಣ್ಣೆಗೆ ಬಿಟ್ಟ ಕೂಡ್ಲೇ ಉಬ್ಬಿ ತಾನಾಗೇ ಮಗುಚ್ಕೊಳುತ್ತೆ, ಮುರಿದ್ರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತು, ಸಣ್ಣಗೆ ಜೀರಿಗೆ ವಾಸನೆ. ಜೊತೆಗೆ ಖಾರದ ಚಟ್ನಿ. ಸಿಹಿಗೆ ಖಾರ ಹೇಗಪ್ಪ ಅಂತ ಅಮ್ಮ ಮೂಗು ಮುರಿದ್ರು, ಮಾರನೇ ದಿನ ಎಲ್ಲರಿಗಿಂತ ಮೊದ್ಲು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದು ಅವರೇ. ಎರಡು ಬನ್ಸ್ ಮೂವತ್ತೈದು ರೂಪಾಯಿ. ಒಂಬತ್ತೂವರೆಗೆ ಖಾಲಿ, ಮತ್ತೆ ಹಾಕಿ ಕೊಡಿ ಅಂದ್ರೆ ಹಿಟ್ಟಿಲ್ಲ ಅಂತಾರೆ, ಮುಖ ನೋಡಿ ಮುಲಾಜಿಲ್ದೇ ಹೇಳ್ತಾರೆ.

ಮಧ್ಯಾಹ್ನ ಕೂತ ಕೂಡ್ಲೇ ಆಯಮ್ಮ ಕೇಳೋದು ಒಂದೇ ಪ್ರಶ್ನೆ, "ಕುಚ್ಚಲಾ, ಬೆಳ್ತಿಗೆಯಾ?" ಬೆಳ್ತಿಗೆ ಅಂದ್ರೆ ನಾವು ತಿನ್ನೋ ಬಿಳಿ ಅನ್ನ. ಒಂದ್ಸಲ ಕುಚ್ಚಲಕ್ಕಿ ತಗೊಂಡು ನೋಡಿ, ದಪ್ಪ ಕಾಳು, ಗಂಜಿ ಬಸಿದು ಬಿಸಿಬಿಸಿ ಹಾಕ್ತಾರೆ, ಹೊಟ್ಟೆ ರಾತ್ರಿವರೆಗೆ ಗಟ್ಟಿ ಇರುತ್ತೆ. ಅವತ್ತು ಮಟ್ಟುಗುಳ್ಳದ ಸಾಂಬಾರು ಮಾಡಿದ್ರು. ಕಟಪಾಡಿ ಹತ್ರ ಮಟ್ಟು ಅನ್ನೋ ಊರಿನ ಹಸಿರು ಗುಂಡು ಬದನೆ, 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿದೆ, ನಮ್ಮ ಬದನೆಕಾಯಿ ಥರ ಗಂಟಲು ಕೆರೆಯಲ್ಲ. ಊಟ ಎಂಬತ್ತು ರೂಪಾಯಿ, ಸಾರು ಪಲ್ಯ ಎಷ್ಟು ಸಲ ಬೇಕಾದ್ರೂ. ಐದು ಜನ ಹೊಟ್ಟೆ ತುಂಬ ಉಂಡು ನಾನೂರು, ಬಸ್ಸಿಳಿದ ದಿನ ಒಂದು ಆಟೋಗೆ ಕೊಟ್ಟಷ್ಟೇ ದುಡ್ಡು.

ಮೀನು ತಿನ್ನೋರಿಗೆ ಒಂದು ಮಾತು. ಮೆನುವಲ್ಲಿ ಅಂಜಲ್, ಕಾಣೆ, ಪಾಂಫ್ರೆಟ್ ಮುಂದೆ ರೇಟ್ ಬದ್ಲು "ಸೈಜ್ ಪ್ರಕಾರ" ಅಂತ ಇದ್ರೆ ಮೊದ್ಲೇ ತಟ್ಟೇಲಿ ತಂದು ತೋರ್ಸಿ, ಎಷ್ಟು ಹೇಳಿ ಅಂತ ಕೇಳಿ. ಮಲ್ಪೆ ರೋಡಲ್ಲಿ ಒಂದು ಕಡೆ ಕೇಳ್ದೇ ಇದ್ದ ಪಕ್ಕದ ಟೇಬಲಿನವರು ಬಿಲ್ ಬಂದ್ಮೇಲೆ ಜಗಳ ಆಡ್ತಿದ್ರು, ಪಾಪ. ಬಂಗುಡೆ, ಭೂತಾಯಿಗೆ ಈ ತಾಪತ್ರಯ ಇಲ್ಲ, ಹುಳಿ ಖಾರದ ಪುಳಿಮುಂಚಿ ಸಾರು ತಗೊಳಿ.

ಕಾಲೇಜು ನೋಡೋಕೇ ಅಂತ ಬರೋರು ಈ ವಾರ ಬರ್ಬೇಡಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಶುರು ಮಾಡಿದ್ದು, ಆಮೇಲೆ ನಾಲ್ಕು ವರ್ಷಕ್ಕೆ ಎಂಜಿನಿಯರಿಂಗ್, ಇಡೀ ಊರೇ ಅದ್ರ ಸುತ್ತ ಬೆಳೆದಿದ್ದು, ಇದನ್ನೆಲ್ಲ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಕ್ಲಾಸ್ ನಡೀತಿಲ್ಲ, ಮಾತಾಡ್ಸೋಕೆ ಸೀನಿಯರ್ಸ್ ಇಲ್ಲ, ಡಿಪಾರ್ಟ್‌ಮೆಂಟ್ ಬಾಗಿಲು ಹಾಕಿರುತ್ತೆ. ಮಗಳಿಗೆ ಮಾತಾಡೋಕೆ ಸಿಕ್ಕಿದ್ದು ಆಸ್ಪತ್ರೆ ಎದುರು ಟೀ ಕುಡೀತಿದ್ದ ಇಬ್ಬರು ಇಂಟರ್ನ್‌ಗಳು, ಅವರಿಗೆ ರಜೆ ಅನ್ನೋದೇ ಇಲ್ವಂತೆ. ಅನಾಟಮಿ ಮ್ಯೂಸಿಯಂ ಮಾತ್ರ ಬಿಡ್ಬೇಡಿ, ಆನೆ ಅಸ್ಥಿಪಂಜರದಿಂದ ಹಿಡಿದು ಮನುಷ್ಯನ ಒಂದೊಂದು ಅಂಗ ಗಾಜಿನ ಡಬ್ಬೀಲಿ ಇಟ್ಟಿದ್ದಾರೆ, ಬಯಾಲಜಿ ಮಕ್ಕಳಿಗೆ ಒಂದು ವರ್ಷದ ಪಾಠ. ಸಣ್ಣ ಮಕ್ಕಳನ್ನ ಒಳಗೆ ಕರ್ಕೊಂಡು ಹೋಗೋ ಮುಂಚೆ ಯೋಚ್ನೆ ಮಾಡಿ, ಭ್ರೂಣಗಳನ್ನ ಇಟ್ಟಿರೋ ಕಡೆ ನಮ್ಮವನು ಕೈ ಬಿಡ್ಲೇ ಇಲ್ಲ. ರಜೆ ದಿನ ಟೈಮಿಂಗ್ ಫೋನ್ ಮಾಡಿ ಕೇಳಿ ಹೋಗಿ.

ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಟಿಕೆಟ್ ದುಬಾರಿ ಅನ್ಸುತ್ತೆ, ಆದ್ರೂ ಕೊಡಿ. ಬ್ಯಾಂಕಲ್ಲಿ ಕೆಲ್ಸ ಮಾಡ್ತಿದ್ದ ವಿಜಯನಾಥ ಶೆಣೈ ಕೆಡವೋಕೆ ಹೊರಟಿದ್ದ ಹಳೇ ಮನೆಗಳನ್ನ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿಸಿದ್ದು, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಎಲ್ಲ ಇದೆ. ಗೈಡ್ ಜೊತೆ ಗುಂಪಲ್ಲಿ ಬಿಡ್ತಾರೆ, ಹಾಗಾಗಿ ನೂಕುನುಗ್ಗಲು ಇಲ್ಲ, ನನ್ನಂಥವರಿಗೆ ಸ್ವರ್ಗ. ಆದ್ರೆ ನಡಿಗೆ, ಮೆಟ್ಟಿಲು, ಎತ್ತರದ ಹೊಸ್ತಿಲು ಜಾಸ್ತಿ, ಅಮ್ಮ ಅರ್ಧಕ್ಕೆ ಕೂತ್ಬಿಟ್ರು.

ಮಣಿಪಾಲದ ಗುಡ್ಡದ ತುದೀಲಿರೋ ಎಂಡ್ ಪಾಯಿಂಟಿಂದ ಕೆಳಗೆ ಸ್ವರ್ಣಾ ನದಿ ಚೆನ್ನಾಗಿ ಕಾಣುತ್ತೆ, ಸಂಜೆ ಹೋಗಿ, ಜಾಸ್ತಿ ಹೇಳೋಕೇನಿಲ್ಲ.

ಕೃಷ್ಣಮಠಕ್ಕೆ ಬೆಳಿಗ್ಗೆ ಆರರೊಳಗೆ ಹೋಗಿ, ಇದನ್ನ ಮಾತ್ರ ಹಠ ಹಿಡಿದು ಹೇಳ್ತೀನಿ. ಡಿಸೆಂಬರಲ್ಲಿ ಅಲ್ಲಿ ಮೂರು ಥರ ಜನ ಒಟ್ಟಿಗೆ ಸೇರ್ತಾರೆ: ರಾಜ್ಯದ ಎಲ್ಲ ಕಡೆಯಿಂದ ಶಾಲಾ ಪ್ರವಾಸದ ಬಸ್ಸುಗಳು, ಶಬರಿಮಲೆಗೆ ಹೋಗಿ ಬರೋ ಅಯ್ಯಪ್ಪ ಸ್ವಾಮಿಗಳು, ಮತ್ತೆ ಗೋವಾ ಗೋಕರ್ಣದ ಕಡೆ ಹೊರಟ ನಮ್ಮಂಥ ರಜೆ ಗಿರಾಕಿಗಳು. ಹತ್ತು ಗಂಟೆ ಆಯ್ತು ಅಂದ್ರೆ ಮಠದ ಹತ್ರದ ಕಲ್ಸಂಕ ಸರ್ಕಲಲ್ಲಿ ಗಾಡಿ ಕದಲಲ್ಲ. ಬೇಗ ಹೋದ್ರೆ ಚಂದ್ರಮೌಳೀಶ್ವರ, ಅನಂತೇಶ್ವರ ನೋಡ್ಕೊಂಡು ಆಮೇಲೆ ಕೃಷ್ಣ, ಸಂಪ್ರದಾಯನೂ ಅದೇ, ಕೃಷ್ಣನ್ನ ನೋಡೋ ಒಂಬತ್ತು ತೂತಿನ ನವಗ್ರಹ ಕಿಂಡಿ ಮುಂದೆ ಅಮ್ಮ ಕಣ್ಣು ತುಂಬ ನೋಡೋವಷ್ಟು ಹೊತ್ತು ಸಿಕ್ತು. ಗಂಡಸರು ಶರ್ಟ್ ಬಿಚ್ಚಬೇಕು.

ಸೇಂಟ್ ಮೇರೀಸ್ ದ್ವೀಪದ ಬಗ್ಗೆ ನಮ್ಮನೇಲೇ ಎರಡು ಅಭಿಪ್ರಾಯ. ಮಕ್ಕಳಿಗೆ ಅದೇ ಬೆಸ್ಟು, ಲಾವಾ ತಣ್ಣಗಾಗಿ ಕಂಬ ಕಂಬ ಆಗಿರೋ ಕಲ್ಲು, ಮರಳಿಗಿಂತ ಚಿಪ್ಪೇ ಜಾಸ್ತಿ. ನಂಗೆ ಮಲ್ಪೇಲಿ ಟಿಕೆಟ್ ಕ್ಯೂ, ಬೋಟ್ ಕ್ಯೂ, ವಾಪಸ್ ಬರೋ ಬೋಟಿಗೆ ಬಿಸಿಲಲ್ಲಿ ಇನ್ನೊಂದು ಕ್ಯೂ, ಅದೇ ನೆನಪು. ಮಂಡಿನೋವಿನವರನ್ನ ಖಂಡಿತ ಕರ್ಕೊಂಡು ಹೋಗ್ಬೇಡಿ, ಹತ್ತಿಳಿಯೋದು ಕಷ್ಟ, ಬರಿಗಾಲಲ್ಲಿ ಚಿಪ್ಪು ಚುಚ್ಚುತ್ತೆ. ಅದೇ ಟೈಮಲ್ಲಿ ಕಾರ್ ಮಾಡ್ಕೊಂಡು ವರಂಗಕ್ಕೆ ಹೋಗ್ಬಹುದು, ಕೆರೆ ಮಧ್ಯೆ ಬಸದಿ, ಸಣ್ಣ ದೋಣೀಲಿ ದಾಟಿಸ್ತಾರೆ, ನಾವು ಹೋದಾಗ ಹತ್ತು ಜನನೂ ಇರ್ಲಿಲ್ಲ. ದಾರೀಲಿ ಕಾರ್ಕಳದ ಗೊಮ್ಮಟನೂ ಆಗುತ್ತೆ, 1432ರದ್ದು.

ಓಡಾಟಕ್ಕೆ ಟ್ಯಾಕ್ಸಿ ಬೇಡ, ಮಣಿಪಾಲ ಉಡುಪಿ ಮಧ್ಯೆ ಸಿಟಿ ಬಸ್ಸು ಒಂದ್ರ ಹಿಂದೆ ಒಂದು ಬರ್ತಾನೇ ಇರುತ್ತೆ, ಚಿಲ್ಲರೆ ದುಡ್ಡಲ್ಲಿ ಮುಗಿಯುತ್ತೆ. ಆದ್ರೆ ಬಹುತೇಕ ಎಲ್ಲ ಪ್ರೈವೇಟ್, ಹಾಗಾಗಿ ಹೆಂಗಸರಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್ ನಡೆಯಲ್ಲ. ನಮ್ಮಮ್ಮ ಆಧಾರ್ ಕಾರ್ಡ್ ಮುಂದೆ ಹಿಡಿದ್ರು, ಕಂಡಕ್ಟರ್ ನಕ್ಕು "ಅಜ್ಜಿ, ಇದು ಸರ್ಕಾರದ್ದಲ್ಲ" ಅಂದ. ಬಸ್ಸು ನಿಲ್ಲೋದು ಎರಡೇ ಸೆಕೆಂಡು, ವಯಸ್ಸಾದವರನ್ನ ಮೊದ್ಲು ಹತ್ತಿಸಿ.

ವಾಪಸ್ ಟಿಕೆಟ್ ಜನವರಿ ಒಂದು ಎರಡನೇ ತಾರೀಕು ಹಾಕ್ಬೇಡಿ. ಒಂದೋ ಮೂವತ್ತಕ್ಕೆ ಹೊರಟ್ಬಿಡಿ, ಇಲ್ಲ ಮಕ್ಕಳಿಗೆ ಸ್ಕೂಲ್ ಒಂದೆರಡು ದಿನ ತಪ್ಪಿದ್ರೂ ಪರ್ವಾಗಿಲ್ಲ ಅಂತ ಐದರ ಮೇಲೆ ನೋಡಿ, ರೂಮ್ ರೇಟೂ ಅಷ್ಟೊತ್ತಿಗೆ ಇಳಿದಿರುತ್ತೆ, ಮೆಸ್ಸುಗಳೂ ಒಂದೊಂದಾಗಿ ಬಾಗಿಲು ತೆಗೀತಿರ್ತಾವೆ.