ಬಾಗಿಲು ಹಾಕಿದ ಹತ್ತು ನಿಮಿಷ

ಮಂಡ್ಯ
21 ಸೆಪ್ಟೆಂಬರ್ 2025, ಭಾನುವಾರ, ಮಹಾಲಯ ಅಮಾವಾಸ್ಯೆ

ಬೆಳಗ್ಗೆ ಜಗಲಿ ಮೇಲೆ ಕೂತು ಓದುತ್ತಿದ್ದೆ. ಅವ್ವ ಕಜ್ಜಾಯದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. "ಹಿರೀಕರು ಮನೆಗೆ ಬರೋ ದಿನನೂ ದೆವ್ವದ ಪುಸ್ತಕನೇನೋ ಮಗ? ಎತ್ತಿಡು ಅದನ್ನ." ಎತ್ತಿಟ್ಟೆ. ಆದರೆ ಅದು ತಲೆಯಿಂದ ಇಳಿಯಲಿಲ್ಲ.

ಅದು ಸ್ಟೀಫನ್ ಕಿಂಗ್ ಬರೆದ 'ಪೆಟ್ ಸೆಮೆಟರಿ'. 1983ರ ಕಾದಂಬರಿ. ಎರಡನೇ ಸಲ ಓದುತ್ತಿದ್ದೇನೆ. ಕಿಂಗ್ ಆಗ ಅಮೆರಿಕದ ಮೇಯ್ನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಮನೆ ಮುಂದೆಯೇ ಲಾರಿ ಓಡುವ ರಸ್ತೆ. ಮಗಳ ಬೆಕ್ಕು ಆ ರಸ್ತೆಯಲ್ಲಿ ಸತ್ತಿತು. ಪುಟ್ಟ ಮಗನೂ ಒಂದು ದಿನ ಅದೇ ರಸ್ತೆ ಕಡೆ ಓಡಿಬಿಟ್ಟಿದ್ದ. ಕಾದಂಬರಿ ಹುಟ್ಟಿದ್ದು ಅಲ್ಲಿಂದ. ಬರೆದು ಮುಗಿಸಿದ ಮೇಲೆ ಅವರಿಗೇ ಇದು ಅತಿಯಾಯಿತು ಅನಿಸಿ ಎತ್ತಿಟ್ಟಿದ್ದರಂತೆ. ಮೊದಲ ಸಲ ಓದಿದಾಗ ನನಗೆ ಭಯ ಆಗಿದ್ದು ಮಣ್ಣಿನಿಂದ ಎದ್ದು ಬರುವ ಬೆಕ್ಕನ್ನು ಕಂಡು. ಈ ಸಲ ಭಯ ಆಗುತ್ತಿರುವುದು ಸತ್ತ ಮಗನನ್ನೂ ಹಾಗೇ ಎಬ್ಬಿಸೋಕೆ ಗುದ್ದಲಿ ಹಿಡಿದು ಹೊರಡುವ ಅಪ್ಪನನ್ನು ಕಂಡು. ಅವನ ಜಾಗದಲ್ಲಿ ನಾನಿದ್ದರೂ ಅಗೆಯುತ್ತಿದ್ದೆ.

ಮಧ್ಯಾಹ್ನ ಎಡೆ ಇಟ್ಟೆವು. ನಡುಮನೆಯಲ್ಲಿ ಕಳಶ, ಪಕ್ಕದಲ್ಲಿ ತಾತನ ಫೋಟೋ, ಹೊಸ ಪಂಚೆ, ಟವಲ್. ಬಾಳೆ ಎಲೆ ಮೇಲೆ ಮುದ್ದೆ, ಮಟನ್ ಸಾರು, ಇಡ್ಲಿ, ವಡೆ, ಕಜ್ಜಾಯ. ಎಲೆ ತುದಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಅಪ್ಪ ಬೀಡಿ ಕಟ್ಟು ಬಿಚ್ಚಿ ಒಂದನ್ನು ಅರ್ಧ ಹೊರಗೆ ಎಳೆದಿಟ್ಟರು. ತಾತನಿಗೆ ತೆಗೆದುಕೊಳ್ಳೋಕೆ ಸುಲಭ ಆಗಲಿ ಅಂತ. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದೆವು. ಹಿರಿಯರು ಉಣ್ಣುವಾಗ ನಾವು ನೋಡಬಾರದು.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ ಸಣ್ಣಗೆ ಬರುತ್ತಿತ್ತು. ಒಳಗೆ ಎಲೆ ಸರಿದ ಹಾಗೆ ಒಂದು ಸದ್ದಾಯಿತು. ಫ್ಯಾನಿನ ಗಾಳಿಗೆ ಇರಬಹುದು. ತಂಗಿ ನನ್ನ ಕೈ ಹಿಡಿದುಕೊಂಡಳು. ನನಗೆ ಹೆದರಿಕೆ ಆಗಲಿಲ್ಲ. ಬಾಗಿಲು ಇನ್ನೂ ಸ್ವಲ್ಪ ಹೊತ್ತು ಹಾಗೇ ಮುಚ್ಚಿರಲಿ ಅನಿಸಿತು. ನಾಲೆ ಏರಿ ಮೇಲೆ ಓಡಾಡುವ ಕೊಳ್ಳಿದೆವ್ವದ ಕಥೆಯನ್ನು ನನಗೆ ಮೊದಲು ಹೇಳಿದ್ದೇ ತಾತ. ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋಗುತ್ತಿದ್ದವರು ಅವರು. ಈ ಓದಿನ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಆಮೇಲೆ ಅವ್ವ ಬಾಗಿಲನ್ನು ಮೂರು ಸಲ ತಟ್ಟಿ ತೆಗೆದಳು.

ಆಗ ನೆನಪಾಗಿದ್ದು ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ 'ದ ಮಂಕೀಸ್ ಪಾ' ಕಥೆ. ಮೂರು ವರ ಕೊಡುವ ಒಂದು ಕೋತಿ ಪಂಜದ ಕಥೆ ಅದು. ಯಂತ್ರಕ್ಕೆ ಸಿಕ್ಕಿ ಸತ್ತ ಮಗ ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ತಾಯಿ ಅಗುಳಿ ತೆಗೆಯೋಕೆ ಒದ್ದಾಡುತ್ತಾಳೆ. ತಂದೆ ಕೊನೆಯ ವರ ಬೇಡಿಬಿಡುತ್ತಾನೆ. ಬಾಗಿಲು ತೆಗೆದರೆ ಖಾಲಿ ರಸ್ತೆ. ಅಲ್ಲಿ ಸತ್ತವರು ತಟ್ಟುತ್ತಾರೆ. ನಮ್ಮಲ್ಲಿ ತಟ್ಟೋದು ನಾವು. ಊಟ ಆಯಿತಾ, ಒಳಗೆ ಬರಬಹುದಾ ಅಂತ. ಚಿಕ್ಕಂದಿನಲ್ಲಿ ಇದೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ದರು. ಬರಬೇಡ ಅಂದಿದ್ದೂ ಇದೇ ಬಾಗಿಲಲ್ಲಿ, ಬನ್ನಿ ಅನ್ನೋದೂ ಇದೇ ಬಾಗಿಲಲ್ಲಿ. ಇದನ್ನಿಟ್ಟುಕೊಂಡು ಯಾರಾದರೂ ಕನ್ನಡದಲ್ಲಿ ದೊಡ್ಡ ಕಾದಂಬರಿ ಬರೆಯಬೇಕು. ನಾನು ಎಲ್ಲಕ್ಕಿಂತ ಜಾಸ್ತಿ ಕಾಯುತ್ತಿರುವುದು ಅದಕ್ಕೇ. ಅವ್ವನ ವಯಸ್ಸಿನವರು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವನ್ನು ಎಷ್ಟು ಆಸೆಯಿಂದ ಓದಿದರು! ಅದೂ ತೆಲುಗಿನಿಂದ ಬಂದದ್ದು. ಓದುವವರು ನಮ್ಮಲ್ಲಿ ಯಾವತ್ತೂ ಇದ್ದರು.

ಈ ವರ್ಷದ ಹೊಸ ಪುಸ್ತಕಗಳಲ್ಲಿ ನನ್ನನ್ನು ಅಲ್ಲಾಡಿಸಿದ್ದು ಸ್ಟೀಫನ್ ಗ್ರಹಾಂ ಜೋನ್ಸ್ ಅವರ 'ದ ಬಫಲೋ ಹಂಟರ್ ಹಂಟರ್'. 1912ರಲ್ಲಿ ಒಬ್ಬ ಪಾದ್ರಿ ಬರೆದ ದಿನಚರಿ ನೂರು ವರ್ಷದ ಮೇಲೆ ಗೋಡೆಯೊಳಗೆ ಸಿಗುತ್ತದೆ. ಅದರಲ್ಲಿ ಬ್ಲ್ಯಾಕ್‌ಫೀಟ್ ಅನ್ನೋ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಒಬ್ಬ ರಕ್ತಪಿಶಾಚಿ ತನ್ನ ಕಥೆ ಹೇಳಿಕೊಂಡಿದ್ದಾನೆ. ಹಿಂದೆ ಇರುವುದು ನಿಜವಾಗಿ ನಡೆದದ್ದು: 1870ರ ಜನವರಿಯಲ್ಲಿ ಮರಾಯಸ್ ನದಿ ದಂಡೆಯಲ್ಲಿ ಅಮೆರಿಕದ ಸೈನ್ಯ ಈ ಬುಡಕಟ್ಟಿನ ಸುಮಾರು 200 ಜನರನ್ನು ಕೊಂದಿತು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಲೇಖಕರೂ ಬ್ಲ್ಯಾಕ್‌ಫೀಟ್ ಜನದವರೇ. ಓದು ಸಲೀಸಲ್ಲ, ಮೊದಲ ನೂರು ಪುಟ ತಡೆದುಕೊಳ್ಳಬೇಕು. ಆಮೇಲೆ ಅದು ನಿಮ್ಮನ್ನು ಬಿಡಲ್ಲ.

ಈಗ ಕಾಯುತ್ತಿರುವುದು ಜೋ ಹಿಲ್ ಅವರ 'ಕಿಂಗ್ ಸಾರೋ'ಗೆ. ಸ್ಟೀಫನ್ ಕಿಂಗ್ ಅವರ ಮಗ ಇವರು. 2016ರ 'ದ ಫೈರ್‌ಮ್ಯಾನ್' ಆದ ಮೇಲೆ ಇವರ ಕಾದಂಬರಿಯೇ ಬಂದಿರಲಿಲ್ಲ. ಆರು ಜನ ಗೆಳೆಯರು ಒಂದು ಡ್ರ್ಯಾಗನ್ ಅನ್ನು ಕರೆದುಬಿಡುತ್ತಾರೆ, ವರ್ಷ ವರ್ಷ ಅದಕ್ಕೆ ಬಲಿ ಕೊಡಬೇಕಾಗುತ್ತದೆ. ಒಂಬೈನೂರು ಪುಟದ ಹತ್ತಿರ ಇದೆ. ಬರುವುದು ಅಕ್ಟೋಬರ್ 21ಕ್ಕೆ, ಸರಿಯಾಗಿ ಮುಂದಿನ ಅಮಾವಾಸ್ಯೆಗೆ. ದುಡ್ಡು ಎತ್ತಿಟ್ಟಿದ್ದೇನೆ.

ಎಡೆ ತೆಗೆಯುವಾಗ ಆ ಬೀಡಿ ಇಟ್ಟ ಹಾಗೇ ಇತ್ತು. ಅಪ್ಪ ಅದನ್ನು ಕೈಗೆತ್ತಿಕೊಂಡು ಜಗಲಿಗೆ ಹೋದರು. ತಾತ ಕೂರುತ್ತಿದ್ದ ಕಂಬಕ್ಕೆ ಒರಗಿ ಕೂತು ಹಚ್ಚಿದರು. ಅಪ್ಪ ಬೀಡಿ ಸೇದಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ.