ಕೆಂಪು ಚೀಟಿ ಅಂಟಿಸಿದ ಟೇಪು

ಗುರುವಾರ, 14 ನವೆಂಬರ್ 2024, ರಾತ್ರಿ 11.40

ಸರ್ವರ್ ಕೋಣೆಯ ಬಾಗಿಲು ಅರ್ಧ ತೆರೆದಿಟ್ಟು ಹೊರಗೆ ಕೂತಿದ್ದೇನೆ, ಬ್ಯಾಕಪ್ ಟೇಪ್ ಡ್ರೈವ್‌ನ ಸದ್ದು ಕೇಳುತ್ತಿರಲಿ ಅಂತ. ಒಂದೇ ಸಮನೆ ಗುಂಯ್ ಅನ್ನುತ್ತಿದ್ದರೆ ನೆಮ್ಮದಿ. ನಡುವೆ ನಿಂತರೆ ಎದೆ ಧಸಕ್ಕೆನ್ನುತ್ತದೆ. ಮೂರು ವಾರದಲ್ಲಿ ಅಂಟಿಕೊಂಡ ಅಭ್ಯಾಸ.

ಒಂದು ರಾತ್ರಿ 300 ಜಿಬಿ ಬರೆದ ಮೇಲೆ ಐ/ಒ ಎರರ್ (ಓದು-ಬರಹದ ತಪ್ಪು), ಇನ್ನೊಂದು ರಾತ್ರಿ ಒಂದು ಟಿಬಿ ದಾಟಿದ ಮೇಲೆ. ಕ್ಲೀನಿಂಗ್ ಟೇಪ್ ಹಾಕಿದೆ, ಡ್ರೈವನ್ನು ಸರ್ವರಿಗೆ ಜೋಡಿಸುವ ಸ್ಯಾಸ್ ಕೇಬಲ್ ಬದಲಿಸಿದೆ, ಹೊಸ ಟೇಪ್ ತಂದೆ. ಕೊನೆಗೆ ಎರಡು ಟೇಪುಗಳ ಮೇಲೆ ಕೆಂಪು ಚೀಟಿ ಅಂಟಿಸಿ 'ಹಾಳು' ಅಂತ ಕೈಯಾರೆ ಬರೆದೆ. ಟೇಪಿನಲ್ಲೇ ಗಾಯವಿದ್ದರೆ ಪ್ರತಿ ಸಲವೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಎಡವಬೇಕಿತ್ತು. ತನ್ನ ಅಥವಾ ಟೇಪಿನ ತೊಂದರೆಯನ್ನು ಡ್ರೈವೇ ತಿಳಿಸುವ ಟೇಪ್‌ಅಲರ್ಟ್‌ನಲ್ಲಿ ಅದು ಒಂದು ದೂರೂ ಹೇಳಿರಲಿಲ್ಲ. ಇಷ್ಟನ್ನು ನಾನು ಅವತ್ತೇ ಯೋಚಿಸಬೇಕಿತ್ತು.

ನಿನ್ನೆ ಸಂಜೆ ನಮ್ಮ ಹುಡುಗ ಕೇಳಿದ ಪ್ರಶ್ನೆಯಿಂದ ಎಲ್ಲ ಬಿಚ್ಚಿಕೊಂಡಿತು. ಕಾರ್ಡನ್ನು ಪರೀಕ್ಷಿಸೋಣ ಅಂತ ಟೇಪ್ ಡ್ರೈವ್ ಇದ್ದ ಅದೇ ಎಚ್‌ಬಿಎ ಕಾರ್ಡಿಗೆ (ಡಿಸ್ಕು, ಟೇಪುಗಳನ್ನು ಸರ್ವರಿಗೆ ಜೋಡಿಸುವ ಕಾರ್ಡು) ಹಳೆಯ ಸ್ಯಾಸ್ ಡಿಸ್ಕೊಂದನ್ನು ಸಿಕ್ಕಿಸಿ ರಾತ್ರಿಯಿಡೀ ಬರೆಸಿದ್ದೆವು. ಒಂದು ತಪ್ಪೂ ಬಂದಿರಲಿಲ್ಲ.

"ಸರ್, ಡಿಸ್ಕಿಗೆ ಏನೂ ಆಗಲ್ಲ, ಟೇಪಿಗೆ ಮಾತ್ರ ಯಾಕೆ ಹಿಂಗೆ?"

"ಲಾಗ್‌ನಲ್ಲಿ ಡಿಸ್ಕಿಗೂ ರೀಸೆಟ್ ಆಗಿರೋದು ಇದೆಯಾ ನೋಡಪ್ಪ."

ಇತ್ತು. ನಾಲ್ಕು ಸಲ. ಅದನ್ನು ಅವನಿಗೆ ವಿವರಿಸುತ್ತಾ ಹೋದಂತೆ ನನಗೇ ಸ್ಪಷ್ಟವಾಯಿತು. ಡಿಸ್ಕಿಗೆ ಬರೆಯುವಾಗ ಪ್ರತಿ ಆದೇಶದ ಜೊತೆ ವಿಳಾಸವಿರುತ್ತದೆ, ಇಂಥ ಬ್ಲಾಕಿಗೆ ಇದನ್ನು ಬರೆ ಅಂತ. ನಡುವೆ ರೀಸೆಟ್ ಆದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅದೇ ಆದೇಶವನ್ನು ಇನ್ನೊಮ್ಮೆ ಕಳಿಸುತ್ತದೆ, ಮೇಲಿನ ಪ್ರೋಗ್ರಾಮುಗಳಿಗೆ ಗೊತ್ತೇ ಆಗುವುದಿಲ್ಲ. ಟೇಪಿಗೆ ವಿಳಾಸವಿಲ್ಲ. ಈಗ ಎಲ್ಲಿದ್ದೀಯೋ ಅಲ್ಲಿಂದ ಬರೆ, ಅಷ್ಟೇ. ರೀಸೆಟ್ ಆದಾಗ ಕೊನೆಯ ಬ್ಲಾಕು ಟೇಪಿಗೆ ಇಳಿಯಿತೋ ಇಲ್ಲವೋ ಟೇಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ಗೆ ತಿಳಿಯದು. ಮತ್ತೆ ಕಳಿಸಿದರೆ ಎರಡು ಸಲ ಬಿದ್ದೀತು, ಬಿಟ್ಟರೆ ತಪ್ಪಿಹೋದೀತು. ಅದಕ್ಕೇ ಅದು ಎರರ್ ಕೊಟ್ಟು ಕೈಚೆಲ್ಲುತ್ತದೆ. ಅದು ಟೇಪಿನ ಪ್ರಾಮಾಣಿಕತೆ ಅಂತಲೇ ನನ್ನ ಭಾವನೆ. ಕೆಳಗೆ ಏನೋ ಸರಿಯಿಲ್ಲ ಅಂತ ಮೂರು ವಾರದಿಂದ ಹೇಳುತ್ತಿದ್ದದ್ದು ಅದೊಂದೇ.

"ಈ ಕರೆಕ್ಟೆಡ್ ಅನ್ನೋ ಸಾಲುಗಳು ಏನ್ ಸರ್? ಪ್ರತಿ ರೀಸೆಟ್‌ಗೂ ಮುಂಚೆ ಇವೆ."

ಕಾರ್ಡಿಗೂ ಸರ್ವರಿಗೂ ನಡುವಿನ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯ ದೂರುಗಳು. ತಿದ್ದಿಕೊಂಡಿದ್ದೇನೆ ಅಂತ ಅದೇ ಹೇಳುತ್ತಿದೆಯಲ್ಲ ಎಂದು ನಾನು ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದ ಸಾಲುಗಳು.

ಹಗಲಲ್ಲಿ ಮೆಮೊರಿಯಿಂದ ನೇರವಾಗಿ ಬರೆಸಿದರೆ ಟೇಪ್ ಎಂದೂ ನಿಂತದ್ದಿಲ್ಲ, ರಾತ್ರಿ ಸಣ್ಣ ಸಣ್ಣ ಫೈಲು ಬರುವಾಗ ಮಾತ್ರ ನಿಲ್ಲುತ್ತಿತ್ತು. ಫೈಲಿಗೂ ಫೈಲಿಗೂ ನಡುವಿನ ಚೂರು ಬಿಡುವಿನಲ್ಲಿ ಕೊಂಡಿ ನಿದ್ದೆಗೆ ಜಾರುತ್ತಿತ್ತು, ಏಳುವಾಗ ತಡವರಿಸುತ್ತಿತ್ತು. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ನೋಡಿದರೆ ಎಎಸ್‌ಪಿಎಂ 'ಆಟೊ'. ವಿದ್ಯುತ್ ಉಳಿಸಲು ಕೊಂಡಿಯನ್ನು ಮಲಗಿಸುವ ಸೆಟ್ಟಿಂಗ್. ಯಂತ್ರ ಕೂರಿಸಿದ ದಿನವೇ ಅದನ್ನು ಆಫ್ ಮಾಡಿದ್ದೆ, ಎಲ್ಲೂ ಬರೆದಿಟ್ಟಿರಲಿಲ್ಲ. ಅಕ್ಟೋಬರ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿದಾಗ ಎಲ್ಲವೂ ಡಿಫಾಲ್ಟ್‌ಗೆ ಮರಳಿದೆ. ಅಪ್‌ಡೇಟ್ ಮಾಡಿದ್ದೂ ನಾನೇ.

ಆಫ್ ಮಾಡಿದೆ. ರಾತ್ರಿಯ ಬ್ಯಾಕಪ್ ಕೊನೆಮುಟ್ಟಿತು, ಲಾಗ್‌ನಲ್ಲಿ ಆ ಸಾಲುಗಳು ಒಂದೂ ಇಲ್ಲ. ಹುಡುಗ ಬೆಳಿಗ್ಗೆ ಬಂದು ಬಯೋಸ್‌ನ ಪ್ರತಿ ಪರದೆಯ ಫೋಟೊ ತೆಗೆದು ಫೋಲ್ಡರಿನಲ್ಲಿ ಹಾಕಿದ್ದಾನೆ, ನಾನು ಹೇಳುವ ಮೊದಲೇ. ಅವನ ಬಗ್ಗೆ ತುಂಬಾ ಸಂತೋಷವಾಯಿತು.

ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಕೆಂಪು ಚೀಟಿಯ ಎರಡು ಟೇಪುಗಳಲ್ಲಿ ಒಂದು ನನ್ನ ಮೇಜಿನ ಮೇಲಿದೆ. ಇನ್ನೊಂದು ಸೋಮವಾರವೇ ನಾಶಕ್ಕೆ ಹೋಯಿತು. ಡಿಗಾಸ್ ಮಾಡಿದರೆ, ಅಂದರೆ ಬಲವಾದ ಕಾಂತದಿಂದ ಅಳಿಸಿದರೆ, ನಮ್ಮ ಎಲ್‌ಟಿಒ ಬಗೆಯ ಟೇಪಿನಲ್ಲಿ ಹೆಡ್ಡಿಗೆ ದಾರಿ ತೋರಿಸುವ ಸರ್ವೋ ಗೆರೆಗಳೂ ಅಳಿಸಿಹೋಗುತ್ತವೆ, ಆಮೇಲೆ ಯಾವ ಡ್ರೈವೂ ಅದನ್ನು ಓದಲಾರದು. ಅದರ ಮೊದಲ ಭಾಗದಲ್ಲಿ ಸೆಪ್ಟೆಂಬರ್ ಕೊನೆಯ ಆರ್ಕೈವ್ ಇತ್ತು, ಚೆನ್ನಾಗೇ ಇತ್ತು. ಅದರ ಪ್ರತಿ ಇರುವುದು ಈಗ ಒಳಗೆ ಓಡುತ್ತಿರುವ ಎಲ್‌ಟಿಒ-6 ಟೇಪಿನಲ್ಲಿ, ಅದನ್ನು ಬರೆದದ್ದು ಅಪ್‌ಡೇಟ್ ಆದ ಮೇಲೆ. 2.5 ಟಿಬಿ ಪೂರ್ತಿ ಓದಲು ಸೆಕೆಂಡಿಗೆ 160 ಎಂಬಿಯಂತೆ ನಾಲ್ಕೂಕಾಲು ಗಂಟೆಯ ಮೇಲೆ ಬೇಕು. ಎರಡು ಗಂಟೆ ಆಗಿದೆ. ಫೈಲು ಕೆಟ್ಟಿಲ್ಲವೆಂದು ತಾಳೆ ನೋಡುವ ಚೆಕ್‌ಸಮ್ ಇಲ್ಲಿಯವರೆಗೆ ಹೊಂದುತ್ತಿದೆ. ಸೆಪ್ಟೆಂಬರ್‌ನ ಫೈಲುಗಳು ಇನ್ನೂ ಬಂದಿಲ್ಲ.

ಸದ್ದು ಬದಲಾಯಿತು. ಟೇಪು ತುದಿ ತಲುಪಿ ಹಿಂದಕ್ಕೆ ತಿರುಗಿದ್ದಿರಬೇಕು, ನೋಡಿ ಬರುತ್ತೇನೆ