ಹಂಪಿಗೆ ಕ್ಯಾಮೆರಾ ಒಯ್ಯುವವರು ಮರೆತುಬರುವ ಸಣ್ಣ ಸಾಮಾನು

ಹಂಪಿಯಲ್ಲಿ ಬೆಳಕು ಬೇಗ ಬರುತ್ತದೆ, ಅಂಗಡಿ ತಡವಾಗಿ ತೆರೆಯುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಟ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಏಳರ ಸುಮಾರಿಗೆ ಹೊಸಪೇಟೆ ಮುಟ್ಟುತ್ತದೆ. ಅಲ್ಲಿಂದ ಹಂಪಿ 13 ಕಿ.ಮೀ. ಇಳಿದವರು ನೇರ ಆಟೊ ಹತ್ತಿ ಹೋಗಿಬಿಡುತ್ತಾರೆ. ಮರುದಿನ ನಸುಕಿನಲ್ಲಿ ಮಾತಂಗ ಬೆಟ್ಟದ ತುದಿಯಲ್ಲಿ ಬ್ಯಾಗ್ ಬಿಚ್ಚಿದಾಗಲೇ ಮೆಮೊರಿ ಕಾರ್ಡ್ ಮನೆಯ ಲ್ಯಾಪ್‌ಟಾಪಿನಲ್ಲಿ ಉಳಿದದ್ದು ನೆನಪಾಗುವುದು. ಹಾಗಾಗದಿರಲು ರೈಲು ಇಳಿದ ಕೂಡಲೇ ಪ್ಲಾಟ್‌ಫಾರಂ ಬೆಂಚಿನ ಮೇಲೇ ಎಲ್ಲ ಜೋಡಿಸಿ ಒಂದು ಫೋಟೊ ತೆಗೆದು, ಅದು ಕಾರ್ಡಿಗೆ ಬಿತ್ತೇ ಎಂದು ನೋಡಿ. ಟ್ರೈಪಾಡ್ ಒಯ್ದಿದ್ದರೆ ಕ್ಯಾಮೆರಾವನ್ನು ಅದಕ್ಕೂ ಕೂರಿಸಿ ನೋಡಿ. ಏನಾದರೂ ಇಲ್ಲದಿದ್ದರೆ ತಿಂಡಿ ತಿಂದು, ಅಂಗಡಿ ತೆರೆಯುವವರೆಗೆ ಹೊಸಪೇಟೆಯಲ್ಲೇ ಕಾದು ಕೊಂಡು ಹೋಗುವುದು ವಾಸಿ. ಮೊದಲ ಸೂರ್ಯೋದಯ ಹೇಗಿದ್ದರೂ ಮರುದಿನದ್ದು.

ದೊಡ್ಡ ಲೆನ್ಸನ್ನು ಯಾರೂ ಮರೆಯುವುದಿಲ್ಲ. ಉಳಿದುಹೋಗುವುದು ಕಾರ್ಡ್, ಚಾರ್ಜರಿನಲ್ಲೇ ಸಿಕ್ಕಿಸಿಟ್ಟ ಬ್ಯಾಟರಿ, ಇನ್ನೊಂದು ಕ್ಯಾಮೆರಾಕ್ಕೆ ಅಂಟಿಕೊಂಡಿರುವ ಟ್ರೈಪಾಡ್ ಪ್ಲೇಟ್ (ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸುವ ಚಪ್ಪಟೆ ತುಂಡು).

ಕಾರ್ಡಿನ ವಿಷಯಕ್ಕೆ ಬಂದರೆ, ಕಾರ್ಡ್ ಇಲ್ಲದಿದ್ದರೆ ಶಟರ್ ಬೀಳದಂತೆ ಮಾಡುವ ಆಯ್ಕೆ ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿದೆ. ಮನೆಯಲ್ಲೇ ಅದನ್ನು ಹಾಕಿಡಿ. ಇಲ್ಲದಿದ್ದರೆ ಕಾರ್ಡಿಲ್ಲದ ಕ್ಯಾಮೆರಾ ಕೂಡ ಕ್ಲಿಕ್ ಅನ್ನುತ್ತಲೇ ಇರುತ್ತದೆ, ಪರದೆಯ ಮೇಲೆ ಚಿತ್ರವನ್ನೂ ತೋರಿಸುತ್ತದೆ. ಹೊಸಪೇಟೆಯ ಮೊಬೈಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮೈಕ್ರೊ ಎಸ್‌ಡಿ. ಅಡಾಪ್ಟರ್ ಸಮೇತ ಕೊಂಡರೆ ಎಸ್‌ಡಿ ಸ್ಲಾಟ್ ಇರುವ ಕ್ಯಾಮೆರಾಕ್ಕೆ ನಡೆಯುತ್ತದೆ. ಮೇಲೆ ಯು3 ಅಥವಾ ವಿ30 ಎಂಬ ವೇಗದ ಗುರುತಿರಲಿ, ಅಂಗಡಿಯಲ್ಲಿ ನಿಂತೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ಹತ್ತಾರು ಫೋಟೊ ತೆಗೆಯಿರಿ. 24 ಮೆಗಾಪಿಕ್ಸೆಲ್ ರಾ ಫೈಲಿಗೆ ಸುಮಾರು 30 ಎಂಬಿ ಹಿಡಿದರೂ 64 ಜಿಬಿಯಲ್ಲಿ ಎರಡು ಸಾವಿರ ಚಿತ್ರ ಕೂರುತ್ತವೆ, ಕಲ್ಲಿನ ಊರಿಗೆ ಅಷ್ಟು ಸಾಕು. ಬರ್ಸ್ಟ್, ಅಂದರೆ ಒಂದೇ ಸಮನೆ ಸಾಲಾಗಿ ತೆಗೆಯುವುದು, ಮಾತ್ರ ಬೇಗ ತಡವರಿಸುತ್ತದೆ. ಸಿಎಫ್‌ಎಕ್ಸ್‌ಪ್ರೆಸ್ ಅಥವಾ ಎಕ್ಸ್‌ಕ್ಯೂಡಿ ಎಂಬ ಬೇರೆ ಜಾತಿಯ ಕಾರ್ಡನ್ನಷ್ಟೇ ನುಂಗುವ ಕ್ಯಾಮೆರಾದವರು ಈ ದಾರಿಯನ್ನು ನಂಬಬೇಡಿ; ಇನ್ನೊಂದು ಕಾರ್ಡನ್ನು ಕ್ಯಾಮೆರಾ ಬ್ಯಾಗಿನಲ್ಲಲ್ಲ, ಪರ್ಸಿನಲ್ಲಿಡಿ.

ಚಾರ್ಜರ್ ಮರೆತವರಿಗೆ ಅಂಗಡಿಯವರು ಕ್ಲಿಪ್ ಇರುವ ಮೊಬೈಲ್ ಬ್ಯಾಟರಿ ಚಾರ್ಜರ್ ತೋರಿಸುವುದುಂಟು. ಕೊಳ್ಳಬೇಡಿ. ಅದು ಒಂದು ಸೆಲ್ಲಿಗೆ ಮಾಡಿದ್ದು, ಕೊಡುವುದು 4.2 ವೋಲ್ಟ್. ಹೆಚ್ಚಿನ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಬ್ಯಾಟರಿಯಲ್ಲಿ ಎರಡು ಸೆಲ್ ಸೇರಿ 7.2 ವೋಲ್ಟ್ ಇರುತ್ತದೆ. ದೀಪ ಉರಿಯುತ್ತದೆ, ಬ್ಯಾಟರಿ ತುಂಬುವುದಿಲ್ಲ. ಆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಫೋನಿನ ಟೈಪ್-ಸಿ ಕೇಬಲ್ ಕೆಲಸಕ್ಕೆ ಬರುತ್ತದೆ, ಆದರೆ ಷರತ್ತುಗಳಿವೆ. ಕ್ಯಾನನ್ ಆರ್6ನಂಥವು ಪವರ್ ಡೆಲಿವರಿ (ಪಿಡಿ ಎಂಬ ವೇಗದ ಚಾರ್ಜಿಂಗ್) ಇರುವ ಚಾರ್ಜರಿಗೆ ಮಾತ್ರ ಒಲಿಯುತ್ತವೆ, ಹಳೆಯ ಪವರ್ ಬ್ಯಾಂಕ್ ಚುಚ್ಚಿದರೆ ಸುಮ್ಮನಿರುತ್ತವೆ. ನಿಕಾನ್ ಝಡ್6ರಲ್ಲಿ ಇಎನ್-ಇಎಲ್15ಬಿ ಬ್ಯಾಟರಿ ಕ್ಯಾಮೆರಾದೊಳಗೇ ತುಂಬುತ್ತದೆ, ಅದೇ ಆಕಾರದ 15ಎ ತುಂಬುವುದಿಲ್ಲ. ಕ್ಯಾನನ್ 1500ಡಿ, ನಿಕಾನ್ ಡಿ7500ನಂಥ ಡಿಎಸ್‌ಎಲ್‌ಆರ್‌ಗಳಿಗೆ ಯುಎಸ್‌ಬಿ ಚಾರ್ಜಿಂಗ್ ಇಲ್ಲವೇ ಇಲ್ಲ. ಅವುಗಳಲ್ಲಿ ಇರುವ ಬ್ಯಾಟರಿಯನ್ನೇ ಎಳೆದಾಡಬೇಕಾದರೆ ಲೈವ್ ವ್ಯೂ (ಪರದೆ ನೋಡಿ ತೆಗೆಯುವುದು) ಬಿಟ್ಟು ಕಿಂಡಿಯಲ್ಲಿ ನೋಡಿ ತೆಗೆಯಿರಿ, ತೆಗೆದ ಚಿತ್ರ ತಾನಾಗಿ ಪರದೆಗೆ ಬರುವುದನ್ನು ನಿಲ್ಲಿಸಿ.

ಟ್ರೈಪಾಡ್ ಇಡಿಯಾಗಿ ಮರೆತವರು ಅಷ್ಟು ಕೊರಗಬೇಕಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳೊಳಗೆ ಟ್ರೈಪಾಡ್ ಹೂಡಲು ಮೊದಲೇ ಅನುಮತಿ ಬೇಕು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಕಾಲು ಬಿಚ್ಚಿದರೆ ಕಾವಲುಗಾರರು ಬಂದು ಮಡಚಿಸುತ್ತಾರೆ. ಅದರ ಬದಲಿಗೆ ಹಂಪಿ ಪಕ್ಕದ ಕಮಲಾಪುರದ ಕಿರಾಣಿ ಅಂಗಡಿಯಲ್ಲಿ ಒಂದೂವರೆ ಕಿಲೊ ಹೆಸರುಕಾಳು ಕೊಂಡು, ಒತ್ತಾದ ನೇಯ್ಗೆಯ ಬಟ್ಟೆ ಚೀಲಕ್ಕೆ ಮುಕ್ಕಾಲು ಭಾಗ ತುಂಬಿ ಬಾಯಿ ಕಟ್ಟಿ. ಗಿಡಿದು ತುಂಬಿದರೆ ಕ್ಯಾಮೆರಾ ಉರುಳುತ್ತದೆ. ಸಡಿಲವಿದ್ದರೆ ಲೆನ್ಸ್ ಒಳಗಿಳಿದು ಕೂರುತ್ತದೆ. ಬಂಡೆಯ ಮೇಲೆ ಚೀಲ, ಚೀಲದ ಮೇಲೆ ಕ್ಯಾಮೆರಾ, 2 ಸೆಕೆಂಡಿನ ಟೈಮರ್. ಕೆತ್ತನೆಯ ಕಲ್ಲಿನ ಮೇಲೆ ಮಾತ್ರ ಚೀಲ ಇಡಬೇಡಿ.

ಟ್ರೈಪಾಡ್ ಬಂದು ಪ್ಲೇಟ್ ಮನೆಯಲ್ಲುಳಿದರೆ ಇನ್ನೊಂದು ಅಪಾಯವಿದೆ. ಹಾರ್ಡ್‌ವೇರ್ ಅಂಗಡಿಯ 6 ಎಂಎಂ ಬೋಲ್ಟ್ ಕ್ಯಾಮೆರಾದ ತಳದ ತೂತಿಗೆ ಸರಿಹೋಗುವಂತೆ ಕಾಣುತ್ತದೆ. ತೂತು ಕಾಲು ಇಂಚಿನದು, ಅಂದರೆ 6.35 ಎಂಎಂ, ಇಂಚಿಗೆ 20 ಸುತ್ತು. ಬೋಲ್ಟಿನ ಸುತ್ತುಗಳ ಅಂತರ 1 ಎಂಎಂ, ಇದರದ್ದು 1.27. ಬಿಗಿ ಮಾಡಿದರೆ ತೂತಿನ ಸುತ್ತುಗಳು ಹಾಳು, ಸಡಿಲ ಬಿಟ್ಟರೆ ಕ್ಯಾಮೆರಾ ಕೆಳಗೆ. ಮೊಬೈಲ್ ಅಂಗಡಿಯ ಫೋನ್ ಸ್ಟ್ಯಾಂಡ್, ರಿಂಗ್ ಲೈಟ್ ಸ್ಟ್ಯಾಂಡುಗಳ ತುದಿಯ ಸ್ಕ್ರೂ ಸಾಮಾನ್ಯವಾಗಿ ಇದೇ ಕಾಲು ಇಂಚಿನದು. ಆದರೆ ಅವು ಹಗುರ ಬಾಡಿ, ಚಿಕ್ಕ ಲೆನ್ಸಿಗಷ್ಟೇ.

ವೈಡ್ ಲೆನ್ಸ್ ಇಲ್ಲದೆ ಮಾತಂಗದ ತುದಿಯಿಂದ ಅಚ್ಯುತರಾಯ ದೇವಸ್ಥಾನವನ್ನು ಪೂರ್ತಿ ಹಿಡಿಯಬೇಕೇ? 50 ಎಂಎಂ ಲೆನ್ಸಿದ್ದರೂ ಆಗುತ್ತದೆ. ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಎಡದಿಂದ ಬಲಕ್ಕೆ ಒಂದರ ಮೇಲೊಂದು ಮೂರರಲ್ಲೊಂದು ಪಾಲು ಬರುವಂತೆ ಆರೇಳು ಚಿತ್ರ ತೆಗೆದು ಆಮೇಲೆ ಜೋಡಿಸಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮೊದಲೇ ಮ್ಯಾನುಯಲ್‌ಗೆ ಹಾಕಿ. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಇದ್ದರೆ ಬಿಚ್ಚಿಡಿ, ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಈ ಉಪಾಯ ವಿಠ್ಠಲದ ಮಂಟಪದೊಳಗೆ ನಡೆಯದು: ಕಂಬ ಹತ್ತಿರವಿರುವುದರಿಂದ ನೀವು ತಿರುಗಿದಂತೆ ಅವು ಹಿಂದಿನ ಕಂಬಗಳ ಎದುರು ಜಾಗ ಬದಲಿಸುತ್ತವೆ, ಜೋಡಿಸಿದಾಗ ಮುರಿದಂತೆ ಕಾಣುತ್ತವೆ. ಬೆಟ್ಟ ಹತ್ತಲು ಅರ್ಧ ಗಂಟೆ ಹಿಡಿಯುತ್ತದೆ, ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ತಲೆಗೆ ಕಟ್ಟುವ ಟಾರ್ಚ್ ಇರಲಿ. ಫೋನಿನ ಟಾರ್ಚ್ ಹಿಡಿದರೆ ಬಂಡೆ ಹಿಡಿಯಲು ಕೈ ಸಾಲದು.

ಇನ್ನು ವಸತಿ. ಆನೆಗೊಂದಿ, ಸಾಣಾಪುರದ ಕಡೆ ಉಳಿಯುವುದು ಹಿತವೇ, ಗದ್ದೆ ಬಂಡೆಗಳ ನೋಟವೂ ಚೆನ್ನ. ಆದರೆ ಅದು ತುಂಗಭದ್ರೆಯ ಆಚೆ ದಡ. ಹಂಪಿಗೆ ಬಂದಮೇಲೆ ಬ್ಯಾಟರಿ ರೂಮಿನಲ್ಲಿ ಉಳಿದದ್ದು ಗೊತ್ತಾದರೆ ದೋಣಿ ನಡೆಯುವ ಹೊತ್ತು ನೋಡಿಕೊಳ್ಳಬೇಕು. ನದಿ ತುಂಬಿ ದೋಣಿ ನಿಂತಿದ್ದರೆ ಕಡೆಬಾಗಿಲು ಸೇತುವೆ ಸುತ್ತಿ ಹೋಗಬೇಕು, ಅರ್ಧ ದಿನ ಅಲ್ಲಿಗೇ ಹೋಯಿತು. ಫೋಟೊಕ್ಕೆಂದೇ ಬರುವವರು ಮಾತಂಗ, ವಿಠ್ಠಲ, ಹೇಮಕೂಟ ಮುಗಿಯುವವರೆಗೆ ಕಮಲಾಪುರದಲ್ಲೋ ಹಂಪಿಯಲ್ಲೋ ಉಳಿದು, ಆಚೆ ದಡಕ್ಕೆ ಬ್ಯಾಗ್ ಸಮೇತ ಒಮ್ಮೆಗೇ ದಾಟಿಕೊಳ್ಳಿ.